ಏನಮ್ಮಾ, ಏನ್ ಮಾಡಿದ್ರಿ?

ಮಂಗಳವಾರದಿಂದ ಅದೇ ಮಾತು ತಲೆಯಲ್ಲಿ ತಿರುಗುತ್ತಿದೆ.

"ಏನಮ್ಮಾ, ಏನ್ ಮಾಡಿದ್ರಿ?"

ಕಾರ್ಮಿಕರ ವಿಮೆ ನೋಡಿಕೊಳ್ಳುವ ಇಎಸ್‌ಐ ಶಾಖಾ ಕಚೇರಿಯ ಕೌಂಟರಿನಲ್ಲಿದ್ದವರು ತಲೆ ಎತ್ತದೆ ಕೇಳಿದರು. ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. "ನಾನೇನೂ ತಪ್ಪು ಮಾಡಿಲ್ಲ ಸಾರ್. ಫ್ಯಾಕ್ಟರಿಯಲ್ಲಿ ಲೈನ್ ಮುಚ್ಚಿದ್ರು, ನಮ್ಮ ಸೆಕ್ಷನ್ನಿನ ಎಲ್ಲರನ್ನೂ ತೆಗೆದ್ರು" ಅಂದುಬಿಟ್ಟೆ. ದನಿ ಜೋರಾಗಿತ್ತು. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅಲ್ಲಮ್ಮಾ, ಅರ್ಜಿ ಏನ್ ಮಾಡಿದ್ರಿ ಅಂದೆ. ಆನ್‌ಲೈನ್‌ನಲ್ಲಿ ಹಾಕಿ ಬಂದ್ರಾ?"

ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಐದು ವಾರದಿಂದ ಮೈಸೂರಿನ ನಮ್ಮ ಕುಂಬಾರಕೊಪ್ಪಲಿನಲ್ಲಿ ನಾನು ಕೇಳಿಸಿಕೊಂಡಿದ್ದು ಇದೊಂದೇ ಪ್ರಶ್ನೆ. ಹಾಲು ತರಲು ಹೋದರೂ ಅದೇ, ಸಂಘದ ಕಂತು ಕಟ್ಟಲು ಹೋದರೂ ಅದೇ. "ಸುಮ್ ಸುಮ್ನೆ ಯಾರಾದ್ರೂ ಕೆಲಸದಿಂದ ತೆಗೀತಾರಾ? ಏನ್ ಮಾಡ್ದೆ?" ನಮ್ಮತ್ತೆ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಬಂದವರ ಮುಂದೆ "ಇವಳಿಗೆ ಈಗ ರಜ" ಅಂದರು. ಕೇಳಿದ್ದಕ್ಕಿಂತ ಅದು ಜಾಸ್ತಿ ನೋಯಿಸಿತು. ನನ್ನ ಗಂಡ ಮಾತ್ರ ಏನೂ ಕೇಳದೆ ಆಟೋ ಒಂದು ಗಂಟೆ ಹೆಚ್ಚಿಗೆ ಓಡಿಸತೊಡಗಿದರು. ಒಳ್ಳೆಯ ಮನುಷ್ಯ.

ಕೂರ್ಗಳ್ಳಿಯ ಆ ಫ್ಯಾಕ್ಟರಿಯಲ್ಲಿ ಆರು ವರ್ಷ ಪ್ಯಾಕಿಂಗ್ ಮಾಡಿದ್ದೇನೆ. ಸಂಬಳ 18,000. ಪೇ ಸ್ಲಿಪ್ಪಿನಲ್ಲಿ ಪ್ರತಿ ತಿಂಗಳೂ ಇಎಸ್‌ಐ ಅಂತ 135 ರೂಪಾಯಿ ಕಟ್ಟಾಗುತ್ತಿತ್ತು. ನೂರಕ್ಕೆ ಮುಕ್ಕಾಲು ರೂಪಾಯಿ ನಮ್ಮದು, ಮೂರೂಕಾಲು ರೂಪಾಯಿ ಮಾಲೀಕರದು. ಅದು ಆಸ್ಪತ್ರೆಗೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಕೆಲಸ ಹೋದಾಗಲೂ ಅದರಿಂದ ಹಣ ಬರುತ್ತದೆ ಅಂತ ಎಚ್‌ಆರ್‌ನವರು ಒಂದು ದಿನವೂ ಹೇಳಲಿಲ್ಲ. ಕೊನೆಯ ದಿನ ಕೂಡ. ನನಗೆ ಹೇಳಿದ್ದು ಸೈಬರ್ ಸೆಂಟರಿನ ಹುಡುಗ.

ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರಲ್ಲಿ ಬಂದದ್ದು. ಮೊದಲು ದಿನದ ಸರಾಸರಿ ಸಂಬಳದ ಕಾಲುಭಾಗ ಕೊಡುತ್ತಿದ್ದರು, ಕೊರೋನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ. ನನ್ನ ಲೆಕ್ಕಕ್ಕೆ ದಿನಕ್ಕೆ ಹೆಚ್ಚುಕಡಿಮೆ 296 ರೂಪಾಯಿ. ಮನೆ ಬಾಡಿಗೆ, ಮಗಳ ಫೀಸು ಇದರಲ್ಲಿ ನಡೆಯುತ್ತೆ. ದುರ್ನಡತೆಗೆ ಶಿಕ್ಷೆಯಾಗಿ ತೆಗೆದಿದ್ದರೆ ಈ ಹಣ ಇಲ್ಲ. ಆ ಸಾಲು ಓದಿದಾಗಿನಿಂದ ನನ್ನೊಳಗೆ ಉತ್ತರ ಸಿದ್ಧವಾಗಿ ಕೂತಿತ್ತು ಅನ್ನಿಸುತ್ತೆ. ಪ್ರಶ್ನೆ ಬರುವುದನ್ನೇ ಕಾಯುತ್ತಿತ್ತು.

ಕೌಂಟರಿನವರು ಆಮೇಲೆ ಬಹಳ ಸಮಾಧಾನದಿಂದ ನೋಡಿದರು. ಅರ್ಜಿಯ ಪ್ರಿಂಟು, ಆಧಾರ್, ಪಾಸ್‌ಬುಕ್ ಜೆರಾಕ್ಸು ತಗೊಂಡರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನದ ಇಎಸ್‌ಐ ಹಣ ಕಟ್ಟಿರಬೇಕು. ನಿಮ್ಮದು ಧಾರಾಳವಾಗಿದೆ. ಹಿಂದಿನದೂ ಸರಿ ಇದೆ" ಅಂದರು. ಮಗಳಿಗೆ ಡೆಂಗ್ಯೂ ಆಗಿ ಮೂರು ವಾರ ರಜ ಹಾಕಿದ್ದೆ. ಅದಕ್ಕೇ ಎದೆ ಹೊಡೆದುಕೊಳ್ಳುತ್ತಿತ್ತು.

ನನ್ನ ನಂತರ ನಿಂತಿದ್ದವನು ಕಾಂಟ್ರಾಕ್ಟ್ ಹುಡುಗ. ಇಪ್ಪತ್ತೈದು ಇರಬಹುದು. ಎರಡೂವರೆ ವರ್ಷ ದುಡಿದಿದ್ದಾನೆ. ಸಂಬಳದಲ್ಲಿ ಪ್ರತಿ ತಿಂಗಳೂ ಹಿಡಿದಿದ್ದಾರೆ. ಕಂಪ್ಯೂಟರಿನಲ್ಲಿ ಮಾತ್ರ ಕಳೆದ ಆರು ತಿಂಗಳಿಗೆ ಬರೀ 52 ದಿನ. ಅವನು ಜಗಳ ಆಡಲಿಲ್ಲ. "ಹಿಡಿದಿದ್ದಾರಲ್ಲ ಸಾರ್?" ಅಂತ ಎರಡು ಸಲ ಕೇಳಿ ಮೊಬೈಲಿನಲ್ಲಿ ಸಂಬಳದ ಚೀಟಿಯ ಫೋಟೋ ತೋರಿಸಿದ. ಕೂಲಿಯವನ ಕೈಯಿಂದ ಹಿಡಿದ ದುಡ್ಡನ್ನು ಕಟ್ಟದೆ ಇಟ್ಟುಕೊಳ್ಳುವವನಿಗೆ ಏನನ್ನಬೇಕು? ನಾನಂತೂ ಕಳ್ಳ ಅನ್ನುತ್ತೇನೆ. ಇಎಸ್‌ಐ ಕಾಯಿದೆ ಬಂದದ್ದು 1948ರಲ್ಲಿ. ಕಾಂಟ್ರಾಕ್ಟರ್ ಹತ್ತಿರ ದುಡಿಯುವವರ ಹಣಕ್ಕೂ ಮುಖ್ಯ ಮಾಲೀಕರೇ ಹೊಣೆ ಅಂತ ಆಗಿನಿಂದಲೂ ಕಾನೂನಿನಲ್ಲಿದೆ. ಕೌಂಟರಿನವರೇ ಅದನ್ನು ಹೇಳಿ, ದೂರು ಬರೆದುಕೊಡು ಅಂದರು. ಹುಡುಗನ ಹತ್ತಿರ ಪೆನ್ನು ಇರಲಿಲ್ಲ. ನನ್ನದು ಕೊಟ್ಟೆ.

ಅವನು ಬೆಂಚಿನ ಮೇಲೆ ಕೂತು ಬರೆಯುವಾಗ ನನಗೆ ಅನ್ನಿಸಿದ್ದು, ಆ ಪ್ರಶ್ನೆಯನ್ನು ಊರೆಲ್ಲ ನಮ್ಮನ್ನೇ ಯಾಕೆ ಕೇಳುತ್ತೆ? ಲೈನ್ ಮುಚ್ಚಿದವರನ್ನು, ಹಣ ಕಟ್ಟದವರನ್ನು "ಏನ್ ಮಾಡಿದ್ರಿ?" ಅಂತ ಯಾರೂ ಕೇಳಲ್ಲ, ಅಲ್ವಾ? ಕೆಲಸ ಕಳಕೊಂಡವಳು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾಳೆ. ನಾನೂ ಹಾಗೇ ನಡೆದೆ. ಪಕ್ಕದ ಬೀದಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ.

ನಮ್ಮ ಸೆಕ್ಷನ್ನಿನವರಿಗೆಲ್ಲ ರಾತ್ರಿ ಕೂತು ಫೋನ್ ಮಾಡಿದೆ. ಅರ್ಜಿ ಹಾಕಿದವರು ಒಬ್ಬರೂ ಇಲ್ಲ. ಇಬ್ಬರಿಗೆ ತಮ್ಮ ಇಎಸ್‌ಐ ನಂಬರೇ ಗೊತ್ತಿಲ್ಲ. ಒಬ್ಬಳು ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು, ಸಂಜೆವರೆಗೆ ಅಕ್ಕನ ಮನೆಯಲ್ಲಿ ಕೂತು ವಾಪಸ್ ಬರುತ್ತಾಳೆ. ಸೋಮವಾರ ಅವಳನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಡಬ್ಬಿ ತರಬೇಡ, ಪಾಸ್‌ಬುಕ್ ತಾ ಅಂದಿದ್ದೇನೆ.