ಎಸೆಕ್ಸ್‌ನಲ್ಲಿ ವಿಲಿಯಂ ಬರ್ಡ್: ಹೋಗುವವರಿಗೆ ಕೆಲವು ಮಾತು

ವಿಲಿಯಂ ಬರ್ಡ್ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ಸಂಗೀತ ರಚನಕಾರ. ಆತ ಬಾಳಿದ ಊರು ನೋಡಲು ಹೋಗುವವರು ಮೊದಲು ವಾರ ನೋಡಿಕೊಳ್ಳಿ, ರೈಲಿನ ಟಿಕೆಟ್ ಆಮೇಲೆ. ಇಂಗಟ್‌ಸ್ಟೋನ್ ಹಾಲ್ ಎಂಬ ಹಳೆಯ ದೊಡ್ಡಮನೆಯಲ್ಲಿ, ಬರ್ಡ್‌ಗೆ ಆಶ್ರಯ ಕೊಟ್ಟ ಪೀಟರ್ ಮನೆತನದವರು ಇಂದಿಗೂ ವಾಸವಾಗಿದ್ದಾರೆ. ಹೊರಗಿನವರಿಗೆ ಪ್ರವೇಶ ಈಸ್ಟರ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಅದೂ ಸಾಮಾನ್ಯವಾಗಿ ಬುಧವಾರ ಮತ್ತು ಭಾನುವಾರ ಮಧ್ಯಾಹ್ನ. ಮದುವೆ, ಸಮಾರಂಭಗಳಿದ್ದರೆ ಅದೂ ಬದಲಾಗಬಹುದು. ಹಿಂದಿನ ವಾರವೇ ಖಚಿತಪಡಿಸಿಕೊಳ್ಳಿ. ಹಳ್ಳಿ ಬಸ್ಸುಗಳು ಭಾನುವಾರ ಇನ್ನೂ ವಿರಳ, ಹಾಗಾಗಿ ಬುಧವಾರವೇ ವಾಸಿ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಇಂಗಟ್‌ಸ್ಟೋನ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಲಂಡನ್ನಿನ ಎಲಿಜಬೆತ್ ಲೈನ್ ರೈಲುಮಾರ್ಗ ಶೆನ್‌ಫೀಲ್ಡ್‌ಗೇ ಮುಗಿಯುತ್ತದೆ. ಅಲ್ಲಿ ರೈಲು ಬದಲಿಸಿದರೆ ಮುಂದಿನ ನಿಲ್ದಾಣವೇ ಇಂಗಟ್‌ಸ್ಟೋನ್. ಲಂಡನ್ನಿನ ರೂಢಿಯಲ್ಲೇ ಕಾರ್ಡ್ ತಟ್ಟಿ ಹೊರಡಬೇಡಿ. ಅದು ಕೊನೆಯ ನಿಲ್ದಾಣದಲ್ಲಿ ನಡೆಯದಿದ್ದರೆ ದಂಡ ಬೀಳುತ್ತದೆ, ಕೌಂಟರಿನಲ್ಲಿ ಕೇಳಿ. ಸ್ಟೇಷನ್ನಿನಿಂದ ಹಾಲ್‌ಗೆ ನಡಿಗೆ ಸುಮಾರು 20 ನಿಮಿಷ. ಹೋಗುವ ಮೊದಲು ಊರಿನ ಸೇಂಟ್ ಎಡ್ಮಂಡ್ ಮತ್ತು ಸೇಂಟ್ ಮೇರಿ ಚರ್ಚಿನಲ್ಲಿ ಪೀಟರ್‌ಗಳ ಸಮಾಧಿಗಳನ್ನು ನೋಡಿಬಿಡಿ.

ಬರ್ಡ್ ರಾಣಿಯ ಚಾಪೆಲ್ ರಾಯಲ್‌ನ, ಅಂದರೆ ಅರಮನೆಯ ಪೂಜಾಮಂಡಳಿಯ ಗಾಯಕ, ಆದರೆ ಕ್ಯಾಥೊಲಿಕ್. ಇಂಗ್ಲಿಷ್ ಚರ್ಚಿನ ಪೂಜೆಗೆ ಹೋಗದವರಿಗೆ ತಿಂಗಳಿಗೆ 20 ಪೌಂಡ್ ದಂಡ ಹಾಕುವ ಕಾನೂನಿದ್ದ ಕಾಲ ಅದು. 1593ರ ಸುಮಾರಿಗೆ, ಐವತ್ತು ದಾಟಿದ ಮೇಲೆ, ಆತ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ ಬಂದು ನೆಲೆಸಿದ. ಹತ್ತಿರದಲ್ಲೇ ಅದೇ ನಂಬಿಕೆಯ ಜಾನ್ ಪೀಟರ್‌ನ ಆಶ್ರಯವಿತ್ತು. ಹಾಲ್‌ನಲ್ಲಿ ಪಾದ್ರಿಗಳನ್ನು ಬಚ್ಚಿಡುತ್ತಿದ್ದ ಎರಡು ಗುಪ್ತ ಕೋಣೆಗಳಿವೆ. ಅವನ್ನು ನೋಡದೆ ಹೊರಬರಬೇಡಿ, ಏಕೆಂದರೆ ಬರ್ಡ್‌ನ ಮೂರು ಮಾಸ್‌ಗಳು (ಕ್ಯಾಥೊಲಿಕ್ ಪೂಜೆಯಲ್ಲಿ ಹಾಡುವ ರಚನೆಗಳು) ಹುಟ್ಟಿದ್ದು ಅಂಥ ಮನೆಗಳ ಗುಟ್ಟಿನ ಪೂಜೆಗಾಗಿ. 1592ರಿಂದ 1595ರ ನಡುವೆ ಅಚ್ಚಾದ ಆ ಪುಸ್ತಕಗಳಿಗೆ ಮುಖಪುಟವಿಲ್ಲ, ಮುದ್ರಕನ ಹೆಸರಿಲ್ಲ, ಇಸವಿಯೂ ಇಲ್ಲ. ಒಬ್ಬೊಬ್ಬ ಗಾಯಕನಿಗೆ ಅವನ ಪಾಲಿನ ಸ್ವರಗಳಷ್ಟೇ ಇರುವ ಒಂದೊಂದು ಪುಸ್ತಕ.

ಅದಕ್ಕೇ ಹೊರಡುವ ಮುನ್ನ ನಾಲ್ಕು ಕಂಠಗಳ ಮಾಸ್ ಕೇಳಿ. ಪ್ರತಿ ಪಾಲಿಗೆ ಒಬ್ಬರೇ ಹಾಡಿದ ಧ್ವನಿಮುದ್ರಣ ಹುಡುಕಿ. ಇದು ಬೈಠಕ್‌ನ ಸಂಗೀತ, ದೊಡ್ಡ ಸಭಾಂಗಣದ್ದಲ್ಲ. ಕ್ಯಾಥೆಡ್ರಲ್‌ನ ಮಾರ್ದನಿಯಲ್ಲಿ ಒಂದು ಸಾಲು ಇನ್ನೊಂದರ ಮೇಲೆ ಬಿದ್ದು ಮಾತು ಮಸುಕಾಗುತ್ತದೆ. ಮಾಸ್‌ನ ಕೊನೆಯ ಭಾಗವಾದ ‘ಆಗ್ನುಸ್ ದೇಯಿ’ (ದೇವರ ಕುರಿಮರಿ) ಎರಡೇ ಕಂಠಗಳಿಂದ ಶುರುವಾಗಿ ಕೊನೆಗೆ ನಾಲ್ಕೂ ಸೇರುತ್ತವೆ. ‘ನಮಗೆ ಶಾಂತಿ ಕೊಡು’ ಎಂಬಲ್ಲಿ ಸ್ವರಗಳು ಒಂದಕ್ಕೊಂದು ಉಜ್ಜಿ ಉಜ್ಜಿ ತಡವಾಗಿ ಬಿಡುಗಡೆಯಾಗುವುದನ್ನು ಗಮನಿಸಿ. ಶಾಂತಿ ಬೇಡುವ ಮಾತಿಗೆ ಇಷ್ಟು ನೋವು ತುಂಬಿದ ಸಂಗೀತ ಆ ಶತಮಾನದಲ್ಲೇ ಅಪರೂಪ. ಆಮೇಲೆ ಬರ್ಡ್‌ನ ಗ್ರಾಡುವಾಲಿಯಾ ಎಂಬ ಎರಡು ಸಂಪುಟಗಳು, 1605 ಮತ್ತು 1607: ಹಬ್ಬಹಬ್ಬಕ್ಕೂ ಬೇಕಾದ ನೂರಕ್ಕೂ ಹೆಚ್ಚು ರಚನೆಗಳು. ಎರಡನೆಯದರ ಅರ್ಪಣೆ ಜಾನ್ ಪೀಟರ್‌ಗೇ.

ಹಾಲ್‌ನಿಂದ ಸ್ಟಾಂಡನ್ ಮ್ಯಾಸಿಗೆ ನಡೆಯುವ ಯೋಚನೆ ಬೇಡ. ದೂರ ಹತ್ತು ಕಿಲೋಮೀಟರ್ ಆಸುಪಾಸು. ಹಳ್ಳಿ ರಸ್ತೆಗಳು ಕಿರಿದು, ಬಹುಪಾಲು ಕಡೆ ಪುಟ್‌ಪಾತ್ ಇಲ್ಲ. ಟ್ಯಾಕ್ಸಿ ಮೊದಲೇ ಗೊತ್ತುಮಾಡಿ, ವಾಪಸಿಗೂ ಸೇರಿಸಿ. ಚಾಲಕನಿಗೆ ಬರೀ ಊರಿನ ಹೆಸರು ಹೇಳಿದರೆ ಸಾಲದು: ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚ್ ಮನೆಗಳಿಂದ ದೂರದಲ್ಲಿ ಒಂಟಿಯಾಗಿದೆ. ಬೀಗ ಹಾಕಿರಬಹುದು, ಮೊದಲೇ ವಿಚಾರಿಸಿ. 1623ರ ಜುಲೈ 4ರಂದು ತೀರಿಕೊಂಡ ಬರ್ಡ್ ಇಲ್ಲೇ ಹೆಂಡತಿಯ ಪಕ್ಕದಲ್ಲಿ ಮಣ್ಣಾಗಬೇಕೆಂದು ಉಯಿಲು ಬರೆದಿದ್ದ. ಗುರುತಿನ ಕಲ್ಲಿಲ್ಲ, ಸಮಾಧಿ ಹುಡುಕುತ್ತಾ ಹೊತ್ತು ಕಳೆಯದೆ ಒಳಗಿನ ಸ್ಮಾರಕ ಫಲಕ ನೋಡಿ. ಆತ ಬಾಳಿದ ಸ್ಟಾಂಡನ್ ಪ್ಲೇಸ್ ಮನೆ ಉಳಿದಿಲ್ಲ. ಈಗ ಅಲ್ಲಿರುವುದು ಬೇರೆ ಕಟ್ಟಡ, ಖಾಸಗಿ; ಗೇಟು ದಾಟಬೇಡಿ.

ಪೀಟರ್ ಮನೆತನದ ಲೆಕ್ಕಪತ್ರಗಳಲ್ಲಿ ಆಸಕ್ತಿ ಇದ್ದವರು ಮರುದಿನ ಚೆಲ್ಮ್ಸ್‌ಫರ್ಡ್‌ನ ಎಸೆಕ್ಸ್ ರೆಕಾರ್ಡ್ ಆಫೀಸಿಗೆ ಹೋಗಬಹುದು. ಗುರುತಿನ ಚೀಟಿ ಒಯ್ಯಿರಿ, ಬೇಕಾದ ದಾಖಲೆಗಳನ್ನು ಮೊದಲೇ ತಿಳಿಸಿಡಿ.