ಅಡಿಕೆ ಸುಲಿಯಲು ಕೂತವರ ಕಾಲು

ನಮ್ಮ ಬದಿಯಡ್ಕದ ಕಡೆ ಅಡಿಕೆ ಸುಲಿಯುವ ಸಮಯ ಬಂದರೆ ದೊಡ್ಡಮ್ಮ ಬೆಳಗ್ಗೆ ಕೂತವರು ಏಳುವುದು ಊಟಕ್ಕೇ. ಸಂಜೆಗೆ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಹೃದಯ, ಕಿಡ್ನಿ ಎಲ್ಲ ಪರೀಕ್ಷೆ ಮಾಡಿಸಿದೆವು, ಸರಿ ಇತ್ತು. "ದೊಡ್ಡಮ್ಮಾ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿ" ಅಂದೆ.

ರಕ್ತವನ್ನು ತಳ್ಳಲು ಹೃದಯ ಇದೆ, ಆದರೆ ದುಗ್ಧರಸಕ್ಕೆ, ಅಂದರೆ ರಕ್ತನಾಳದಿಂದ ಹೊರಗೆ ಜಿನುಗಿದ ನೀರನ್ನು ವಾಪಸ್ ರಕ್ತಕ್ಕೆ ಸೇರಿಸುವ ದ್ರವಕ್ಕೆ (ಲಿಂಫ್), ಹಾಗೊಂದು ಪಂಪ್ ಇಲ್ಲ. ಅದರ ನಾಳಗಳು ತಾವೇ ಸ್ವಲ್ಪ ಹಿಂಡಿಕೊಳ್ಳುತ್ತವೆ, ಉಳಿದದ್ದು ನಮ್ಮ ಮೀನಖಂಡದ ಓಡಾಟ ಮತ್ತು ಆಳವಾದ ಉಸಿರಿನಿಂದ ಆಗಬೇಕು, ಒಳಗಿರುವ ಸಣ್ಣ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಸುಮ್ನೆ ಕೂತರೆ ನೀರು ಕಾಲಲ್ಲೇ ನಿಲ್ಲುತ್ತದೆ, ಅಲ್ವಾ? ಹಾಗಾಗಿ ನಡಿಗೆಯೇ ಮೊದಲ ಮದ್ದು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿದರೂ ಆಗುತ್ತದೆ.

ನನಗೆ ಜಾಸ್ತಿ ಚಿಂತೆ ಮಳೆಗಾಲದ್ದು. ತೋಟದ ಕೆಸರಲ್ಲಿ ಬೆರಳ ಸಂದಿ ಬಿರಿದರೆ ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ, ಪದೇ ಪದೇ ಹಾಗಾದರೆ ನಾಳಗಳೇ ಹಾಳಾಗುತ್ತವೆ. ಸೋಪು ಹಾಕಿ ತೊಳೆದು, ಸಂದಿಯನ್ನೂ ಪೂರ್ತಿ ಒರೆಸಿ. ಆನೆಕಾಲು ರೋಗದವರಿಗಂತೂ ಇದು ದಿನವೂ ಬೇಕು. ಆ ರೋಗದ ಹುಳವನ್ನು ತರುವುದು ಕೊಳಚೆ ನೀರಿನ ಸೊಳ್ಳೆ, ಮನೆ ಹಿಂದಿನ ಚರಂಡಿಯನ್ನೂ ನೋಡಿಕೊಳ್ಳಿ. ಊದಿದ ಕಾಲಿಗೆ ಆಯುರ್ವೇದ, ಯೋಗ, ಬ್ಯಾಂಡೇಜು ಸೇರಿಸಿ ಚಿಕಿತ್ಸೆ ಕೊಡುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ನಮ್ಮ ಕಾಸರಗೋಡಿನಲ್ಲೇ ಇದೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಮಾತ್ರ ಮನೆಮದ್ದು ಬೇಡ, ಅದೇ ದಿನ ಡಾಕ್ಟರ ಹತ್ತಿರ ಹೋಗಿ.