ಹದಿನೇಳು ಅಡಿಯ ದಾರ

ಪುಣೆಯ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. 2011ರ ಮಳೆಗಾಲದ ಅಂಥದೊಂದು ಗುರುವಾರ, ನನ್ನ ಸೋದರಮಾವನ ಬಾಡಿಗೆ ಕೋಣೆಯಲ್ಲಿ ಸದಿಶಗಳ, ಅಂದರೆ ಉದ್ದವೂ ದಿಕ್ಕೂ ಎರಡೂ ಇರುವ ಅಳತೆಗಳ ಲೆಕ್ಕ ನನ್ನ ಕೈಗೆ ಹತ್ತಿತು.

ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ್ದ ನಾನು ಪುಣೆಗೆ ಬಂದು ಹೆಲ್ಪರ್ ಆಗಿ ಸೇರಿಕೊಂಡು, ಸಂಜೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಪ್ರೋಗ್ರಾಮಿಂಗ್ ತರಗತಿಗೆ ಹೋಗುತ್ತಿದ್ದೆ. ಅಲ್ಲಿನ ಪಾಠ ಮರಾಠಿಯಲ್ಲಿ ನಡೆಯುತ್ತಿತ್ತು. ಮರಾಠಿಯಲ್ಲೂ ವೆಕ್ಟರ್‌ಗೆ ಸದಿಶ ಎಂದೇ ಹೇಳುತ್ತಾರೆ. ಆ ಪದ ಕಿವಿಗೆ ಬಿದ್ದಾಗಲೆಲ್ಲ ಪರಊರಿನಲ್ಲಿ ನಮ್ಮೂರಿನವರು ಸಿಕ್ಕಂತೆ ಹಿತವಾಗುತ್ತಿತ್ತು. ಆದರೆ ಕಂಸದೊಳಗೆ ಮೂರು ಅಂಕಿ ಬರೆದು ಇದೊಂದು ದಿಕ್ಕು ಎಂದಾಗ ನನಗೆ ಏನೂ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಕೂಡಿಸುವುದು, ಗುಣಿಸುವುದು ಬರುತ್ತಿತ್ತು, ಏನನ್ನು ಕೂಡಿಸುತ್ತಿದ್ದೇನೆ ಎಂಬುದು ತಿಳಿಯುತ್ತಿರಲಿಲ್ಲ.

ಮಾಮಾ ಹದಿನೈದು ವರ್ಷದಿಂದ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ ನಡೆಸುತ್ತಿದ್ದವರು. ನನ್ನ ನೋಟುಪುಸ್ತಕವನ್ನು ಎರಡು ಪುಟ ತಿರುವಿ ನೋಡಿ, ಅತ್ತೆಯ ಹೊಲಿಗೆ ಡಬ್ಬಿಯಿಂದ ದಾರದ ಉಂಡೆಯನ್ನೂ ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಟೇಪನ್ನೂ ತೆಗೆದುಕೊಂಡರು. ಕೋಣೆಯ ಅಗಲ 8 ಅಡಿ, ಉದ್ದ 12, ಎತ್ತರ 9. ಬಾಗಿಲಲ್ಲಿ ಒಳಮುಖವಾಗಿ ನಿಂತು ನಾನು ಬಲಗಡೆಯ ಮೂಲೆಯನ್ನು ಅಳತೆ ಶುರುವಾಗುವ ಮೂಲಬಿಂದು ಎಂದು ಆರಿಸಿದೆ. ಅಗಲ ಎಕ್ಸ್, ಉದ್ದ ವೈ, ಎತ್ತರ ಝಡ್. ಮಾಮಾ ಬಲಗೈಯ ಹೆಬ್ಬೆರಳನ್ನು ಎಕ್ಸ್ ಕಡೆಗೆ, ತೋರುಬೆರಳನ್ನು ವೈ ಕಡೆಗೆ ಹಿಡಿದು ತೋರಿಸಿದರು. ನಡುಬೆರಳು ನೆಲದ ಕಡೆಗೆ ತಿರುಗಿತು.

‘ನಿನ್ನ ಝಡ್ ನೆಲದಾಗ ಹೊಕ್ಕಿತಲ್ಲೋ ತಮ್ಮಾ. ಮಷಿನ್ ಮ್ಯಾಲ ಹಿಂಗ ಪ್ಲಸ್-ಮೈನಸ್ ಸೈನ್ ತಪ್ಪಿದ್ರ ಟೂಲ್ ಸೀದಾ ಜಾಬ್‌ನಾಗ ಹೋಗಿ ಮುರೀತದ’ ಎಂದರು. ಜಾಬ್ ಅಂದರೆ ಯಂತ್ರದಲ್ಲಿ ಕೊರೆಯಲು ಇಟ್ಟ ತುಂಡು.

ಎಡಗಡೆಯ ಮೂಲೆಗೆ ಬಂದಾಗ ನಡುಬೆರಳು ಸೂರಿನ ಕಡೆಗೆ ತಿರುಗಿತು. ಎಕ್ಸ್ ಮತ್ತು ವೈ ದಿಕ್ಕುಗಳ ಸದಿಶ ಗುಣಲಬ್ಧ (ಎರಡಕ್ಕೂ ಲಂಬವಾದ ಸದಿಶ ಕೊಡುವ ಗುಣಾಕಾರ) ಝಡ್ ದಿಕ್ಕು ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದು ಇದನ್ನೇ ಎಂದು ಆಗ ಹೊಳೆಯಿತು.

ಎಡಮೂಲೆಯ ನೆಲದಿಂದ ಎದುರಿನ ಬಲಮೂಲೆಯ ಸೂರಿಗೆ ದಾರ ಎಳೆದು ಮೊಳೆಗೆ ಕಟ್ಟಿದೆವು. ಅದೇ (8, 12, 9) ಎಂಬ ಸದಿಶ. ಅಳೆಯುವುದಕ್ಕೆ ಮುಂಚೆ ಲೆಕ್ಕ ಹಾಕು ಎಂದರು. 64, 144, 81 ಸೇರಿದರೆ 289, ಅದರ ವರ್ಗಮೂಲ 17. ಟೇಪಿನಲ್ಲಿಯೂ 17 ಅಡಿ, ಹೆಚ್ಚೆಂದರೆ ಅರ್ಧ ಇಂಚಿನ ವ್ಯತ್ಯಾಸ. ಒಂದು ಗೋಡೆಗೂ ತಾಗದೆ ಗಾಳಿಯಲ್ಲಿ ಹಾದುಹೋದ ದಾರದ ಉದ್ದ ಮೂರು ಗೋಡೆಯಂಚುಗಳ ಅಳತೆಯೊಳಗೆ ಮೊದಲೇ ಇತ್ತು ಎಂಬುದನ್ನು ಕಂಡು ಬಹಳ ಸಂತೋಷವಾಯಿತು.

ಇನ್ನೊಂದು ದಾರವನ್ನು ಎಡಗೋಡೆಯ ಆಚೆ ತುದಿಯ ನೆಲದಿಂದ ಬಾಗಿಲಿನ ಬಲಮೂಲೆಯ ಸೂರಿಗೆ ಕಟ್ಟಿದೆವು. ಅದು (0, 12, 0)ರಲ್ಲಿ ಹೊರಟು (8, 0, 9)ಕ್ಕೆ ಮುಟ್ಟುತ್ತದೆ. ಇಲ್ಲಿ ಮಾಮಾ ಹೇಳಿದ ಮಾತು ತರಗತಿಯಲ್ಲಿ ತಿಂಗಳಿಡೀ ಕೇಳಿದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಪ್ರೋಗ್ರಾಮಿನಲ್ಲಿ ಜಿ 90 ಬರೆದರೆ ಯಂತ್ರ ಪ್ರತಿ ಬಿಂದುವನ್ನೂ ಮೂಲದಿಂದಲೇ ಅಳೆಯುತ್ತದೆ, ಜಿ 91 ಬರೆದರೆ ಈಗ ನಿಂತ ಜಾಗದಿಂದ ಎಷ್ಟು ಸರಿಯಬೇಕು ಎಂದು ಅಳೆಯುತ್ತದೆ. ಮೊದಲನೆಯದು ಸ್ಥಾನ ಸದಿಶ, ಎರಡನೆಯದು ಎರಡು ಸ್ಥಾನಗಳ ವ್ಯತ್ಯಾಸ. ತುದಿಯಿಂದ ಬುಡವನ್ನು ಕಳೆದಾಗ ನಮ್ಮ ಎರಡನೆಯ ದಾರ (8, -12, 9) ಆಯಿತು. ಆ ಋಣ ಚಿಹ್ನೆಗೆ ಅರ್ಥವಿತ್ತು: ದಾರ ಕೋಣೆಯ ಆಚೆ ತುದಿಯಿಂದ ಬಾಗಿಲ ಕಡೆಗೆ ಮರಳಿ ಬರುತ್ತಿತ್ತು. ಉದ್ದ ಮತ್ತೆ 17. ಮೊದಲ ದಾರದ ಅರ್ಧಕ್ಕೆ ಹೋದರೂ, ಎರಡನೆಯದರ ಬುಡಕ್ಕೆ ಅದರ ಅರ್ಧವನ್ನು ಕೂಡಿಸಿದರೂ ಸಿಗುವುದು (4, 6, 4.5). ಕೋಣೆಯ ನಟ್ಟನಡುವೆ, ನೆಲದಿಂದ ನಾಲ್ಕೂವರೆ ಅಡಿ ಮೇಲೆ ದಾರಗಳು ಒಂದನ್ನೊಂದು ಮುಟ್ಟಿಕೊಂಡಿದ್ದವು.

ಮುಟ್ಟಿದಲ್ಲಿ ಕೋನ ಎಷ್ಟು? ಮಾಮಾ ಲಂಬಕೋನ ಪರೀಕ್ಷಿಸುವ ಆರಿಂಚಿನ ಟ್ರೈ ಸ್ಕ್ವೇರ್ ತಂದು ಹಿಡಿದರು. ಎರಡು ದಾರಗಳೂ ಅದರ ಅಂಚುಗಳಿಗೆ ಹೊಂದಿಕೊಂಡವು. ಲಂಬವೆಂದು ಇಬ್ಬರಿಗೂ ಖಾತ್ರಿಯಾಯಿತು. ಹಾಗಾದರೆ ಬಿಂದು ಗುಣಲಬ್ಧ, ಅಂದರೆ ಜೋಡಿ ಅಂಕಿಗಳನ್ನು ಗುಣಿಸಿ ಕೂಡಿಸಿದ ಮೊತ್ತ, ಸೊನ್ನೆ ಬರಬೇಕು. ನೆಲದ ಮೇಲೆ ಕುಳಿತು ಗುಣಿಸಿದೆ: 8ಕ್ಕೆ 8 ಅಂದರೆ 64, 12ಕ್ಕೆ -12 ಅಂದರೆ -144, 9ಕ್ಕೆ 9 ಅಂದರೆ 81. ಮೊತ್ತ 1.

ಎಲ್ಲೋ ತಪ್ಪಿರಬೇಕೆಂದು ಮತ್ತೆರಡು ಸಲ ಮಾಡಿದೆ, ಪ್ರತಿ ಸಲವೂ 1 ಬಂತು. ಆ ಒಂದನ್ನು ಎರಡು ಉದ್ದಗಳ ಗುಣಲಬ್ಧವಾದ 289ರಿಂದ ಭಾಗಿಸಿದರೆ ಕೋನದ ಕೊಸೈನ್ ಸಿಗುತ್ತದೆ. ಮೊಬೈಲಿನಲ್ಲಿ ಆ ಕೊಸೈನ್‌ನಿಂದ ಕೋನ ತೆಗೆದು ನೋಡಿದಾಗ ಕೋನ ಸುಮಾರು 89.8 ಡಿಗ್ರಿ. ಟ್ರೈ ಸ್ಕ್ವೇರಿನ ಆರಿಂಚಿನ ತುದಿಯಲ್ಲಿ ಆ ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ, ನಮ್ಮ ದಾರದ ದಪ್ಪದಷ್ಟು. ಗೋಡೆಗಳೇ ಅಷ್ಟು ನಿಖರವಾಗಿರಲಾರವು, ನಿಜ. ಆದರೆ ಅಳತೆ 8, 12, 9 ಎಂದು ಒಪ್ಪಿಕೊಂಡ ಮೇಲೆ ಆ ದಾರಗಳು ಲಂಬವಲ್ಲ ಎಂಬುದರಲ್ಲಿ ಸಂದೇಹವಿಲ್ಲ, ಮತ್ತು ಅದನ್ನು ನಮಗೆ ಹೇಳಿದ್ದು ಮೂರು ಗುಣಾಕಾರಗಳು.

‘ಅರ್ಧ ಮಿಲಿಮೀಟರ್ ಅಂದ್ರ ನಮ್ಮಲ್ಲಿ ಜಾಬ್ ರಿಜೆಕ್ಟ್’ ಎಂದ ಮಾಮಾ ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು.

ಸದಿಶ ಬರೆಯುವಾಗ ಐ, ಜೆ, ಕೆ ಅಕ್ಷರಗಳನ್ನು ಮೂರು ದಿಕ್ಕುಗಳಿಗೆ ಇಡುವ ರೂಢಿ ಹ್ಯಾಮಿಲ್ಟನ್ ಎಂಬ ಐರಿಷ್ ಗಣಿತಜ್ಞನ ಲೆಕ್ಕದಿಂದ ಬಂದದ್ದು, ಅದು 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುವಾಗ ಅವನಿಗೆ ಹೊಳೆದು, ಅವನು ಅದನ್ನು ಸೇತುವೆಯ ಕಲ್ಲಿನಲ್ಲಿ ಕೆತ್ತಿದ ಎಂದು ಆಮೇಲೆ ಓದಿದೆ. ಕೆತ್ತಲು ಅವಸರವೇಕೆ ಎಂದು ನನಗೆ ಅನ್ನಿಸಲಿಲ್ಲ.

ಸಂಜೆ ಅತ್ತೆ ದಾರ ಬಿಚ್ಚಿರಿ ಎಂದಾಗ ಮಾಮಾ ಒಪ್ಪಲಿಲ್ಲ. ರೊಟ್ಟಿಯ ಬುಟ್ಟಿ ಹಿಡಿದು, ದಾರಗಳು ಕೂಡುವಲ್ಲಿ ತಲೆ ಬಗ್ಗಿಸಿ ಬಂದು ಅತ್ತೆ ನಮಗೆ ಊಟ ಬಡಿಸಿದರು. ಊಟದ ನಡುವೆಯೇ ನಾನು ಎರಡು ದಾರಗಳ ಸದಿಶ ಗುಣಲಬ್ಧವನ್ನು ಬರೆದು ಮುಗಿಸಿದೆ: (216, 0, -192). ಎರಡು ದಾರಗಳಿಗೂ ಲಂಬವಾದ ದಿಕ್ಕು ಅದು. ಮೊದಲನೆಯದರೊಂದಿಗೆ ಬಿಂದು ಗುಣಲಬ್ಧ ತೆಗೆದು ನೋಡಿದೆ, 1728ರಲ್ಲಿ 1728 ಕಳೆಯಿತು. ಎರಡನೆಯದರೊಂದಿಗೂ ಹಾಗೆಯೇ. ಈ ಸಲ ಸೊನ್ನೆಯೇ ಬಂದಿತ್ತು.